ಓದಿ ಹೇಳಿ ಕೇಳಲಾಗಿ ಸರಿ ಇದೆ

ನಾನು ಇಪ್ಪತ್ತೊಂಬತ್ತು ವರ್ಷ ನ್ಯಾಯಾಲಯಗಳಲ್ಲಿ, ಮೊದಲು ಬೆರಳಚ್ಚು ಯಂತ್ರದ ಮುಂದೆ, ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಸಾಕ್ಷಿಗಳ ಹೇಳಿಕೆ ಬರೆದುಕೊಂಡವಳು. ಸಾಕ್ಷಿ ಕಟಕಟೆಯಲ್ಲಿ ನಿಂತು ತನ್ನ ಮಾತಿನಲ್ಲಿ ಹೇಳುತ್ತಾನೆ, ನ್ಯಾಯಾಧೀಶರು ಅದನ್ನು ಕೇಳಿಸಿಕೊಂಡು ದಾಖಲೆಗೆ ಒಗ್ಗುವ ವಾಕ್ಯವಾಗಿ ಕಟ್ಟಿ ನಮಗೆ ಹೇಳುತ್ತಾರೆ, ನಾವು ಬೆರಳಚ್ಚಿಸುತ್ತೇವೆ. ಎದುರು ವಕೀಲರ ಪಾಟೀ ಸವಾಲಿನಲ್ಲಿ ಸಾಕ್ಷಿ ತಲೆಯಾಡಿಸಿ 'ಅಯ್ಯೋ ಇಲ್ಲಪ್ಪ, ಹಾಗೆಲ್ಲ ಏನೂ ಇರಲಿಲ್ಲ' ಎಂದರೆ ಹಾಳೆಯ ಮೇಲೆ ಅದು 'ಎಂದರೆ ಸರಿಯಲ್ಲ' ಎಂದಾಗುತ್ತದೆ. ಎಲ್ಲ ಮುಗಿದ ಮೇಲೆ ಕೆಳಗೆ 'ಓ.ಹೇ.ಕೇ. ಸರಿ ಇದೆ' ಎಂದು ಬರೆದು, ಅಂದರೆ ಓದಿ ಹೇಳಿ ಕೇಳಲಾಗಿ ಸರಿ ಇದೆ ಎಂದು ದಾಖಲಿಸಿ, ಸಾಕ್ಷಿಯ ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುವುದು ಪದ್ಧತಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಲೆನಾಡಿನ ಅಂಚಿನ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ಜಮೀನಿನ ದಾವೆಯೊಂದು ನಡೆಯುತ್ತಿತ್ತು. ಸಾಕ್ಷಿ ಹೇಳಲು ಬಂದಿದ್ದ ವಯಸ್ಸಾದ ಹೆಂಗಸು, 'ಅವ್ರು ಹೋದ್ಮೇಲೆ ಮೈದ್ನ ಬಂದು ಬೇಲಿ ಹಾಕ್ದ ಸ್ವಾಮಿ' ಎಂದಳು. ಗಂಡ ವರ್ಷಕ್ಕೆ ನಾಲ್ಕು ತಿಂಗಳು ಕಾಫಿ ತೋಟದ ಕೆಲಸಕ್ಕೆಂದು ಊರು ಬಿಡುತ್ತಿದ್ದ ವಿಷಯ ಅದಕ್ಕೂ ಮುಂಚೆ ಬಂದಿದ್ದರಿಂದ, ನ್ಯಾಯಾಧೀಶರು ಹೇಳುವ ಮೊದಲೇ ನಾನು ಆತುರಪಟ್ಟು 'ಗಂಡ ಕೆಲಸಕ್ಕೆ ಹೋದ ನಂತರ' ಎಂದು ಬೆರಳಚ್ಚಿಸಿಬಿಟ್ಟೆ. ನ್ಯಾಯಾಧೀಶರು ನನ್ನ ಹಾಳೆಯ ಕಡೆ ಒಮ್ಮೆ ನೋಡಿ, ಆಕೆಯ ಕಡೆ ತಿರುಗಿ, 'ಹೋದ ಅಂದ್ರೆ ಎಲ್ಲಿಗೆ ಹೋದ?' ಎಂದು ಕೇಳಿದರು. ಆಕೆ ಅಷ್ಟೇ ಸಹಜವಾಗಿ, 'ಎಲ್ಲಿಗೋಯ್ತಾರೆ ಸ್ವಾಮಿ, ಎಲ್ರೂ ಹೋಗೋ ಕಡೀಕೇ' ಎಂದಳು. ನಾನು ಹಾಳೆಯನ್ನು ಹರಿದು ಹೊಸದನ್ನು ಸುತ್ತಿದೆ. ಹೋದದ್ದು ಕೆಲಸಕ್ಕೋ ಕಾಡಿಗೋ ಎನ್ನುವುದರ ಮೇಲೆ ಒಂದೂವರೆ ಎಕರೆ ಗದ್ದೆ ಯಾರದ್ದೆಂಬುದು ನಿಂತಿತ್ತು.

ಅಂದು ಆ ಹೆಂಗಸನ್ನು ಕೇಳಲು ಒಬ್ಬರಿದ್ದರು. ಕೇಳಿದರೂ ನಂಬುವವರಿಲ್ಲದೆ ಹೋದ ಇನ್ನೊಬ್ಬ ಹೆಂಗಸಿನ ಕುರಿತು ಬರೆಯಬೇಕೆಂದು ಕುಳಿತಿದ್ದೇನೆ. ಅವಳ ಹೆಸರು ಈಡಿತ್ ಥಾಂಪ್ಸನ್. ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ 1922ರ ಡಿಸೆಂಬರ್ 6ರಿಂದ 11ರವರೆಗೆ, ನಡುವಿನ ಭಾನುವಾರ ಬಿಟ್ಟು ಐದು ದಿನ, ಗಂಡನ ಕೊಲೆಯ ಆರೋಪದಲ್ಲಿ ಅವಳ ವಿಚಾರಣೆ ನಡೆಯಿತು. 1923ರ ಜನವರಿ 9ರ ಬೆಳಗ್ಗೆ ಒಂಬತ್ತು ಗಂಟೆಗೆ ಹಾಲೊವೇ ಸೆರೆಮನೆಯಲ್ಲಿ ಅವಳನ್ನು ಗಲ್ಲಿಗೇರಿಸಿದರು. ಚಾಕು ಅವಳ ಕೈಯಲ್ಲಿರಲಿಲ್ಲ, ಮತ್ತು ಅವಳ ಕೈಯಲ್ಲಿತ್ತೆಂದು ಸರ್ಕಾರದ ಪರ ವಕೀಲರೂ ಹೇಳಲಿಲ್ಲ. ಅವಳ ವಿರುದ್ಧ ಇದ್ದದ್ದು ಅವಳೇ ಬರೆದ ಕಾಗದಗಳು.

ಕಳೆದ ಬೇಸಿಗೆಯಲ್ಲಿ ಪೂರ್ವ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಈ ಪ್ರಕರಣ ನನ್ನ ಕೈಗೆ ಸಿಕ್ಕಿತು. ವಿಚಾರಣೆಯ ಪೂರ್ಣ ದಾಖಲೆ, ನಿಶಾನಿಗಳಾದ, ಅಂದರೆ ಸಾಕ್ಷ್ಯವಾಗಿ ಗುರುತು ಹಾಕಿದ, ಕಾಗದಗಳ ಸಮೇತ, 1923ರಲ್ಲೇ ಅಚ್ಚಾಗಿದೆ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಕುಳಿತು ಪರದೆಯ ಮೇಲೆ ಅದನ್ನು ಓದುತ್ತಾ ಹೋದೆ. ಹಳೆಯ ಅಭ್ಯಾಸ, ಸಾಕ್ಷಿ ಏನಂದ ಎನ್ನುವುದಕ್ಕಿಂತ ಬರೆದುಕೊಂಡವನು ಏನು ಬರೆದುಕೊಂಡ ಎನ್ನುವ ಕಡೆಗೇ ಕಣ್ಣು ಹೋಗುತ್ತದೆ.

ಈಡಿತ್ ಹುಟ್ಟಿದ್ದು 1893ರ ಕ್ರಿಸ್‌ಮಸ್ ದಿನ, ಲಂಡನ್ನಿನ ಡಾಲ್‌ಸ್ಟನ್ ಎಂಬಲ್ಲಿ, ಸಾಧಾರಣ ಸ್ಥಿತಿಯ ಗ್ರೇಡನ್ ಎಂಬವರ ಮನೆಯಲ್ಲಿ. ಹೆಂಗಸರ ಟೋಪಿಗಳ ಸಗಟು ವ್ಯಾಪಾರದ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದವಳು ತನ್ನ ಚುರುಕುತನದಿಂದ ಮೇಲೇರಿ, ಸರಕು ಆರಿಸಿ ಕೊಳ್ಳುವ ಮುಖ್ಯ ಜವಾಬ್ದಾರಿಗೆ ಬಂದಳು. ಆ ಕೆಲಸದ ಮೇಲೆ ಪ್ಯಾರಿಸ್ಸಿಗೂ ಹೋಗಿಬಂದಳು. 1916ರ ಜನವರಿಯಲ್ಲಿ ಹಡಗು ಸಾಗಣೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಪರ್ಸಿ ಥಾಂಪ್ಸನ್ನನನ್ನು ಮದುವೆಯಾದ ಮೇಲೂ ಕೆಲಸದ ಜಾಗದಲ್ಲಿ ಅವಳು ಮಿಸ್ ಗ್ರೇಡನ್ ಆಗಿಯೇ ಉಳಿದಳು. ಸಂಬಳ ಗಂಡನದಕ್ಕೆ ಕಡಿಮೆ ಇರಲಿಲ್ಲ. 1920ರಲ್ಲಿ ಇಲ್ಫರ್ಡಿನಲ್ಲಿ ಮನೆ ಕೊಂಡರು. ಮಕ್ಕಳಾಗಲಿಲ್ಲ. ಇಂದು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಕಾಣುವಂಥ ಸಂಸಾರ ಇದು. ಆದರೆ ಯುದ್ಧದಿಂದ ಗಂಡಸರು ಮರಳಿ, ಹೆಂಗಸರು ಮನೆಗೆ ಹಿಂತಿರುಗಬೇಕೆಂದು ಎಲ್ಲರೂ ಬಯಸುತ್ತಿದ್ದ ಆ ಕಾಲದಲ್ಲಿ ಇದರ ಒಂದೊಂದು ವಿವರವೂ ಅವಳ ಮೇಲಿನ ದೂರಾಗಿಯೇ ನ್ಯಾಯಾಲಯದ ಗಾಳಿಯಲ್ಲಿ ತೇಲುತ್ತಿತ್ತು.

ಫ್ರೆಡರಿಕ್ ಬೈವಾಟರ್ಸ್ ಅವಳಿಗಿಂತ ಎಂಟು ವರ್ಷಕ್ಕೂ ಹೆಚ್ಚು ಚಿಕ್ಕವನು, ಅವಳ ತಮ್ಮಂದಿರ ಪರಿಚಯದವನು, ಪಿ ಅಂಡ್ ಓ ಕಂಪನಿಯ ಹಡಗುಗಳಲ್ಲಿ ಕೆಲಸ ಮಾಡುತ್ತಿದ್ದ. 1921ರ ಬೇಸಿಗೆಯಲ್ಲಿ ದಂಪತಿಯ ಜೊತೆ ಐಲ್ ಆಫ್ ವೈಟ್ ದ್ವೀಪಕ್ಕೆ ರಜೆಗೆ ಹೋದ, ಆಮೇಲೆ ಅವರ ಮನೆಯಲ್ಲೇ ಬಾಡಿಗೆಗೆ ಇದ್ದ. ಅದೇ ಆಗಸ್ಟ್‌ನಲ್ಲಿ ಗಂಡ ಹೆಂಡತಿಯ ಮೇಲೆ ಕೈ ಮಾಡಿದಾಗ ನಡುವೆ ಬಂದು ಜಗಳವಾಗಿ ಮನೆ ಬಿಟ್ಟ. ಸೆಪ್ಟೆಂಬರಿನಿಂದ ಮತ್ತೆ ಸಮುದ್ರ. ಮುಂದಿನ ಒಂದು ವರ್ಷ ಅವಳ ಕಾಗದಗಳು ಅವನ ಹಡಗನ್ನು ಬಂದರಿನಿಂದ ಬಂದರಿಗೆ ಹಿಂಬಾಲಿಸಿದವು. ನಮ್ಮ ಬಾಂಬೆಯೂ ಆ ದಾರಿಯಲ್ಲಿತ್ತು. ಅವನ ಹೆಚ್ಚಿನ ಕಾಗದಗಳನ್ನು ಅವಳು ಓದಿ ನಾಶ ಮಾಡುತ್ತಿದ್ದಳು. ಅವಳ ಕಾಗದಗಳನ್ನು ಅವನು ಹಡಗಿನ ತನ್ನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡ. ಪ್ರೀತಿಯಿಂದಲೇ ಇಟ್ಟುಕೊಂಡಿರಬೇಕು. ಪೊಲೀಸರಿಗೆ ಸಿಕ್ಕ ಅರವತ್ತಕ್ಕೂ ಹೆಚ್ಚು ಕಾಗದಗಳು ಹಾಗೆ ಉಳಿದವು, ಮತ್ತು ಇಬ್ಬರ ಸಂಭಾಷಣೆಯಲ್ಲಿ ಹೆಚ್ಚೂಕಡಿಮೆ ಒಬ್ಬರ ಧ್ವನಿ ಮಾತ್ರ ನ್ಯಾಯಾಲಯಕ್ಕೆ ಕೇಳಿಸಿತು. ಫೋನಿನಲ್ಲಿ ಮಾತಾಡುವವರ ಒಂದು ಕಡೆಯನ್ನಷ್ಟೇ ಕೇಳಿಸಿಕೊಂಡು ಇನ್ನೊಂದು ಕಡೆಯನ್ನು ಊಹಿಸುವುದು ಎಷ್ಟು ಸುಲಭ, ಎಷ್ಟು ತಪ್ಪುತ್ತದೆ ಎನ್ನುವುದು ಬಸ್ಸಿನಲ್ಲಿ ಓಡಾಡುವ ಯಾರಿಗಾದರೂ ಗೊತ್ತು.

1922ರ ಅಕ್ಟೋಬರ್ 3ರ ಸಂಜೆ ಈಡಿತ್ ಮತ್ತು ಪರ್ಸಿ ನೆಂಟರೊಂದಿಗೆ ಪಿಕಡಿಲಿಯ ಕ್ರೈಟೀರಿಯನ್ ರಂಗಮಂದಿರದಲ್ಲಿ ಒಂದು ಪ್ರಹಸನ ನೋಡಿ, ಕೊನೆಯ ರೈಲುಗಳಲ್ಲೊಂದನ್ನು ಹಿಡಿದು ಇಲ್ಫರ್ಡಿಗೆ ಬಂದು, ನಿಲ್ದಾಣದಿಂದ ಮನೆಗೆ ನಡೆದುಕೊಂಡು ಹೊರಟರು. ನಡುರಾತ್ರಿ ದಾಟಿತ್ತು. ಬೆಲ್‌ಗ್ರೇವ್ ರಸ್ತೆಯಲ್ಲಿ, ಮನೆ ಇನ್ನೇನು ಬಂತು ಎನ್ನುವಾಗ, ಬೈವಾಟರ್ಸ್ ಹಿಂದಿನಿಂದ ಬಂದು ಅವಳನ್ನು ಪಕ್ಕಕ್ಕೆ ತಳ್ಳಿ ಪರ್ಸಿಯನ್ನು ಚಾಕುವಿನಿಂದ ಇರಿದು ಓಡಿದ. ಹತ್ತಿರದ ಮನೆಯ ನಿವಾಸಿಯೊಬ್ಬ ನ್ಯಾಯಾಲಯದಲ್ಲಿ ಹೇಳಿದ ಪ್ರಕಾರ, ಒಬ್ಬ ಹೆಂಗಸು 'ಅಯ್ಯೋ ಬೇಡ, ಬೇಡ' ಎಂದು ಅತ್ಯಂತ ದೀನಳಾಗಿ ಕೂಗಿದ್ದು ಅವನಿಗೆ ಕೇಳಿಸಿತು. ಅವಳು ಓಡಿಹೋಗಿ ದಾರಿಯಲ್ಲಿ ಸಿಕ್ಕವರನ್ನು ಸಹಾಯಕ್ಕೆ ಕರೆತಂದಳು. ಪರ್ಸಿ ರಸ್ತೆಯಲ್ಲೇ ಸತ್ತ. ಅವನಿಗೆ ಮೂವತ್ತೆರಡು ವರ್ಷ.

ನಾನು ಒಂದು ಮಧ್ಯಾಹ್ನ ಆ ದಾರಿಯಲ್ಲಿ ನಡೆದೆ. ಆ ಭಾಗದಲ್ಲಿ ಬೀದಿಗಳ ಹೆಸರೆಲ್ಲ ಗಾರ್ಡನ್ಸ್ ಎಂದೇ ಕೊನೆಯಾಗುತ್ತವೆ, ಆದರೆ ತೋಟವೇನೂ ಇಲ್ಲ. ಗೋಡೆಗೆ ಗೋಡೆ ತಾಗಿದ ಇಟ್ಟಿಗೆಯ ಮನೆಗಳು, ಮುಂದೆ ಕಸದ ಡಬ್ಬಗಳು. ಅವಳ ಮನೆಯಿದ್ದ ಕೆನ್ಸಿಂಗ್ಟನ್ ಗಾರ್ಡನ್ಸ್ ಬೀದಿಯ ಮೂಲೆಯವರೆಗೆ ಹೋಗಿ, ಈಗ ಅಲ್ಲಿ ವಾಸವಾಗಿರುವವರ ಬಾಗಿಲ ಮುಂದೆ ನಿಂತು ದಿಟ್ಟಿಸುವುದು ಸರಿಯಲ್ಲವೆನಿಸಿ ಹಿಂತಿರುಗಿದೆ. ಬೆಲ್‌ಗ್ರೇವ್ ರಸ್ತೆ ಅಗಲವಾದ ರಸ್ತೆಯಲ್ಲ. ಆ ಕಡೆಯ ಕಿಟಕಿ ತೆರೆದಿದ್ದರೆ ಈ ಕಡೆಯ ಕಾಲುದಾರಿಯಲ್ಲಿ ಒಬ್ಬರು ಕೂಗಿದ್ದು ಚೆನ್ನಾಗಿಯೇ ಕೇಳಿಸುತ್ತದೆ.

ಪೊಲೀಸರಿಗೆ ಅವಳು ಮೊದಲು ಬೈವಾಟರ್ಸನ ಹೆಸರು ಹೇಳಲಿಲ್ಲ. ಇದು ಅವಳ ಮೊದಲನೆಯ ತಪ್ಪು, ಮತ್ತು ದೊಡ್ಡ ತಪ್ಪು. ಮಾರನೆಯ ದಿನ ಅವನನ್ನು ಹಿಡಿದು ಠಾಣೆಗೆ ತಂದು, ಅವಳಿಗೆ ಕಾಣುವಂತೆ ಅವಳನ್ನು ಅವನಿದ್ದ ಕೋಣೆಯ ಪಕ್ಕದಲ್ಲಿ ನಡೆಸಿಕೊಂಡು ಹೋದರು. ಅವಳು ಕುಸಿದು, ಅವನೇಕೆ ಹೀಗೆ ಮಾಡಿದ, ಅವನು ಹೀಗೆ ಮಾಡಲೆಂದು ನಾನು ಬಯಸಿರಲಿಲ್ಲ ಎಂದು ಅತ್ತಳು. ಈ ಮಾತನ್ನೂ ಪೊಲೀಸರು ಬರೆದುಕೊಂಡರು. ಅವಳ ಬಾಯಿಂದ ಬಂದ ಮಾತುಗಳಲ್ಲಿ ಯಾರೂ ಯೋಜಿಸಿ ಆಡಿರಲಾರದ ಮಾತುಗಳು ಎರಡೇ, ರಸ್ತೆಯ ಮೇಲಿನ ಆ ಕೂಗು ಮತ್ತು ಠಾಣೆಯ ಈ ಅಳು, ಮತ್ತು ಎರಡೂ ಒಂದೇ ಮಾತನ್ನು ಹೇಳುತ್ತವೆ. ತೀರ್ಪಿನಲ್ಲಿ ಎರಡಕ್ಕೂ ತೂಕ ಸಿಗಲಿಲ್ಲ.

ಇನ್ನು ಕಾಗದಗಳು. ಅವನ್ನು ಓದದೆ ಈಡಿತಳ ಪರ ವಾದಿಸುವವರನ್ನು ನಾನು ನಂಬುವುದಿಲ್ಲ, ಏಕೆಂದರೆ ಓದುವಾಗ ಹೊಟ್ಟೆಯಲ್ಲಿ ತಣ್ಣಗಾಗುವ ಸಾಲುಗಳು ಅವುಗಳಲ್ಲಿ ನಿಜವಾಗಿಯೂ ಇವೆ. ವಿದ್ಯುತ್ ಬಲ್ಬಿನ ಗಾಜನ್ನು ಪುಡಿ ಮಾಡಿ ಗಂಡನ ಊಟದಲ್ಲಿ ಮೂರು ಸಲ ಬೆರೆಸಿದೆ, ಮೂರನೆಯ ಸಲ ಅವನಿಗೊಂದು ಚೂರು ಸಿಕ್ಕಿಬಿಟ್ಟಿತು, ಆದ್ದರಿಂದ ನೀನು ಬರುವವರೆಗೆ ನಿಲ್ಲಿಸಿದ್ದೇನೆ ಎನ್ನುತ್ತಾಳೆ. ಚಹಾ ಕಹಿಯಾಗಿತ್ತೆಂದು ಅವನು ಹೇಳಿದ ಎಂದು ಬರೆಯುತ್ತಾಳೆ. ವಿಷಪ್ರಾಶನದ ಸುದ್ದಿಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಲಕೋಟೆಯಲ್ಲಿಡುತ್ತಾಳೆ. ಹೆಂಡತಿ ಗಂಡನಿಗೆ ನಿಧಾನವಾಗಿ ವಿಷವುಣಿಸುವ ಕಥೆಯಿರುವ ಕಾದಂಬರಿಯೊಂದನ್ನು ಓದಲು ಹೇಳಿ ಅವನ ಅಭಿಪ್ರಾಯ ಕೇಳುತ್ತಾಳೆ. ಇವನ್ನೆಲ್ಲ ಸರ್ಕಾರದ ಪರ ವಾದಿಸುತ್ತಿದ್ದ ಸಾಲಿಸಿಟರ್ ಜನರಲ್ ಸರ್ ಥಾಮಸ್ ಇನ್‌ಸ್ಕಿಪ್ ಒಂದರ ಪಕ್ಕ ಒಂದಿಟ್ಟು ಓದಿದಾಗ, ತಪ್ಪಿತಸ್ಥರೋ ಅಲ್ಲವೋ ಎಂದು ತೀರ್ಮಾನಿಸಬೇಕಾದ ಜ್ಯೂರಿಯಲ್ಲಿದ್ದ ಹನ್ನೊಂದು ಗಂಡಸರು ಮತ್ತು ಒಬ್ಬ ಹೆಂಗಸಿಗೆ ಏನನಿಸಿರಬಹುದು? ನಾನು ಆ ಬೆಂಚಿನಲ್ಲಿ ಕುಳಿತಿದ್ದರೆ ನನಗೂ ಮೊದಲ ದಿನ ಹಾಗೆಯೇ ಅನಿಸುತ್ತಿತ್ತು.

ಆದರೆ ಪಕ್ಕಪಕ್ಕ ಇಟ್ಟದ್ದು ಇನ್‌ಸ್ಕಿಪ್. ಅವಳು ಹಾಗೆ ಇಟ್ಟಿರಲಿಲ್ಲ. ಕಾಗದಗಳನ್ನು ಇಡಿಯಾಗಿ ಓದಿದರೆ ಕಾಣುವುದು ಬೇರೆ. ಕಚೇರಿಯ ಜಗಳ, ಹೊಸ ಉಡುಪು, ಕುದುರೆ ಪಂದ್ಯದ ಬಾಜಿ, ಹೋದ ನೃತ್ಯಕೂಟ, ಅಮ್ಮನ ಮನೆಯ ಊಟ, ಮಳೆ, ಓದಿದ ಕಾದಂಬರಿಗಳು. ಕಾದಂಬರಿಗಳ ಕುರಿತು ಪುಟಗಟ್ಟಲೆ ಬರೆಯುತ್ತಾಳೆ. ಪಾತ್ರಗಳನ್ನು ನೆರೆಮನೆಯವರಂತೆ ಎಳೆದು ತಂದು ಚರ್ಚಿಸುತ್ತಾಳೆ, ಇವಳು ಹೀಗೆ ಮಾಡಬಾರದಿತ್ತು, ಅವನಿಗೆ ಬುದ್ಧಿಯಿಲ್ಲ ಎಂದು. ಓದಿದ್ದಕ್ಕೂ ಬದುಕಿದ್ದಕ್ಕೂ ನಡುವಿನ ಗೆರೆಯನ್ನು ಅವಳು ಬೇಕೆಂದೇ ಅಳಿಸಿಕೊಳ್ಳುತ್ತಿದ್ದಳು ಎನಿಸುತ್ತದೆ. ಕತ್ತರಿಸಿ ಕಳಿಸಿದ ಸುದ್ದಿಗಳಲ್ಲಿ ವಿಷದವು ಕೆಲವು. ಉಳಿದವು ಬೇರೆ ಬೇರೆ ವಿಷಯಗಳವು. ಇಪ್ಪತ್ತೆಂಟು ವರ್ಷದ ಹೆಂಗಸು, ಇಪ್ಪತ್ತರ ಹುಡುಗನೊಬ್ಬ ಸಮುದ್ರದ ಆಚೆ ತನ್ನನ್ನು ಮರೆತುಬಿಟ್ಟಾನೆಂಬ ಭಯದಲ್ಲಿ, ಅವನ ಕಣ್ಣಿನಲ್ಲಿ ತಾನು ಸಾಹಸಿಯಾಗಿ ಕಾಣಬೇಕೆಂದು ಬರೆಯುತ್ತಾ ಹೋದಂತೆ ಅವು ಓದಿಸಿಕೊಳ್ಳುತ್ತವೆ. ನ್ಯಾಯಾಲಯದಲ್ಲಿ ಅವಳು ಹೇಳಿದ್ದೂ ಇದನ್ನೇ: ಅವನನ್ನು ಉಳಿಸಿಕೊಳ್ಳಲು, ಅವನಿಗಾಗಿ ಏನು ಮಾಡಲೂ ಸಿದ್ಧಳೆಂದು ಅವನು ನಂಬಲೆಂದು ಬರೆದೆ. ಬೈವಾಟರ್ಸ್ ತಾನು ಅವಳಿಗೆ ಕೊಟ್ಟದ್ದು ಕ್ವಿನೈನ್ ಎಂದು ಹೇಳಿದ. ಜ್ವರಕ್ಕೆ ನಮ್ಮ ಅಜ್ಜಿಯರು ನುಂಗಿಸುತ್ತಿದ್ದ ಅದೇ ಕಹಿ ಗುಳಿಗೆ.

ಇದು ಬರೀ ಅವಳ ಮಾತೂ ಆಗಿರಲಿಲ್ಲ. ಪರ್ಸಿಯ ಶವವನ್ನು ಹೊರತೆಗೆಸಿ, ಆ ಕಾಲದ ಅತ್ಯಂತ ಹೆಸರಾಂತ ಮರಣೋತ್ತರ ಪರೀಕ್ಷಕ ಬರ್ನಾರ್ಡ್ ಸ್ಪಿಲ್ಸ್‌ಬರಿಯವರಿಂದ ಪರೀಕ್ಷೆ ಮಾಡಿಸಿದರು. ವಿಷದ ಗುರುತೂ ಇಲ್ಲ, ಗಾಜಿನ ಗುರುತೂ ಇಲ್ಲ. ಮಾಡಿದೆನೆಂದು ಅವಳೇ ಬರೆದುಕೊಂಡದ್ದನ್ನು ಅವಳು ಮಾಡಿರಲಿಲ್ಲವೆಂಬುದಕ್ಕೆ ಇದ್ದ ಏಕೈಕ ಭೌತಿಕ ಸಾಕ್ಷ್ಯ ಇದು, ಅದೂ ಸರ್ಕಾರದ ಸಾಕ್ಷಿಯ ಬಾಯಿಂದಲೇ ಬಂದದ್ದು. ಆಗ ಸರ್ಕಾರದ ವಾದ ಸ್ವಲ್ಪ ಪಕ್ಕಕ್ಕೆ ಸರಿಯಿತು: ವಿಷ ಹಾಕಿದಳೋ ಇಲ್ಲವೋ, ಹಾಕಿದೆನೆಂದು ಬರೆದು ಆ ಹುಡುಗನ ಮನಸ್ಸನ್ನು ಕೆರಳಿಸಿ ಚಾಕು ಹಿಡಿಸಿದವಳು ಇವಳೇ. ನಮ್ಮ ದೋಷಾರೋಪ ಪಟ್ಟಿಗಳ ಭಾಷೆಯಲ್ಲಿ ಹೇಳುವುದಾದರೆ ಕುಮ್ಮಕ್ಕು. ಇಬ್ಬರು ಒಟ್ಟಾಗಿ ಕೊಲೆಗೆ ಒಪ್ಪಿಕೊಂಡರೆ ಇರಿಯದವನಿಗೂ ಇರಿದವನ ಶಿಕ್ಷೆಯೇ ಎನ್ನುವ ತತ್ವ ಅಲ್ಲಿಂದಲೇ ನಮ್ಮಲ್ಲಿಗೂ ಬಂದದ್ದು, ಮತ್ತು ತತ್ವವಾಗಿ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಾಗೆ ಒಪ್ಪಿಕೊಂಡದ್ದನ್ನು ತೋರಿಸಬೇಕು. ಆ ರಾತ್ರಿ, ಆ ರಸ್ತೆಯಲ್ಲಿ ಅವನು ಬರುತ್ತಾನೆಂದು ಅವಳಿಗೆ ಗೊತ್ತಿತ್ತೆಂದು ತೋರಿಸುವ ಒಂದು ಸಾಲೂ ಆ ಕಾಗದಗಳಲ್ಲಿಲ್ಲ. ಬೈವಾಟರ್ಸ್ ಮೊದಲಿನಿಂದ ಕೊನೆಯವರೆಗೆ, ತನ್ನ ಕುತ್ತಿಗೆ ಉಳಿಯುವುದಿಲ್ಲವೆಂದು ಖಚಿತವಾದ ಮೇಲೂ, ಅವಳಿಗೆ ಏನೂ ಗೊತ್ತಿರಲಿಲ್ಲವೆಂದೇ ಹೇಳಿದ.

ಕೆಲವು ಸಾಲುಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿತ್ತು. ಏನನ್ನೋ ಸೇವಿಸುವ, ಏನೋ ಫಲಿಸುವ ಅಥವಾ ಫಲಿಸದಿರುವ ಕುರಿತ ಮುಚ್ಚುಮರೆಯ ಮಾತುಗಳು ಕಾಗದಗಳಲ್ಲಿ ಅಲ್ಲಲ್ಲಿ ಬರುತ್ತವೆ. ಇವುಗಳಲ್ಲಿ ಹಲವು ಅವಳ ಸ್ವಂತ ಬಸಿರು ಇಳಿಸಿಕೊಳ್ಳುವ ಪ್ರಯತ್ನದ ಕುರಿತಾದವು ಎಂದು ಪ್ರಕರಣವನ್ನು ಆಮೇಲೆ ಅಧ್ಯಯನ ಮಾಡಿದವರು ವಾದಿಸಿದ್ದಾರೆ. ಗರ್ಭಪಾತ ಆಗ ಅಪರಾಧ. ಹಾದರದ ಜೊತೆಗೆ ಅದನ್ನೂ ಒಪ್ಪಿಕೊಂಡರೆ ಜ್ಯೂರಿಯ ಮುಂದೆ ಉಳಿಗಾಲವಿಲ್ಲ. ಹೀಗಾಗಿ ಹೆಂಗಸರ ಪಿಸುಮಾತಿನ ಆ ಸಾಲುಗಳಿಗೆ ಅವಳ ಕಡೆಯಿಂದ ಸರಿಯಾದ ಅರ್ಥ ಸಿಗಲಿಲ್ಲ, ಮತ್ತು ಖಾಲಿ ಬಿಟ್ಟ ಜಾಗದಲ್ಲಿ ವಿಷ ಎಂಬ ಪದ ತಾನಾಗಿ ಬಂದು ಕುಳಿತಿತು.

ಕಟಕಟೆ ಹತ್ತಬೇಡ ಎಂದು ಅವಳ ವಕೀಲ ಸರ್ ಹೆನ್ರಿ ಕರ್ಟಿಸ್-ಬೆನೆಟ್ ಹೇಳಿದ್ದರು. ಇಂಗ್ಲೆಂಡಿನಲ್ಲಿ ಆರೋಪಿಗೆ ತನ್ನ ಪರವಾಗಿ ಪ್ರಮಾಣ ಮಾಡಿ ಸಾಕ್ಷಿ ನುಡಿಯುವ ಹಕ್ಕು ಎಲ್ಲ ಪ್ರಕರಣಗಳಲ್ಲೂ ದೊರಕಿದ್ದು 1898ರಲ್ಲಿ, ಮತ್ತು ಅದು ವರವೋ ಶಾಪವೋ ಎನ್ನುವುದು ಆರೋಪಿಯ ಮೇಲೆ ಹೋಗುತ್ತದೆ. ನಮ್ಮಲ್ಲಿ ಬಹುಪಾಲು ಆರೋಪಿಗಳು ಸಾಕ್ಷಿ ಕಟಕಟೆ ಹತ್ತುವುದೇ ಇಲ್ಲ. ನಾವೆಲ್ಲ '313 ಹೇಳಿಕೆ' ಎನ್ನುತ್ತಿದ್ದ, ಹೊಸ ಸಂಹಿತೆಯಲ್ಲಿ 351 ಆಗಿರುವ ಕಲಮಿನ ಪ್ರಕಾರ ನ್ಯಾಯಾಧೀಶರು ಒಂದೊಂದೇ ಸಾಕ್ಷ್ಯ ಓದಿ ಕೇಳುತ್ತಾರೆ, ಆರೋಪಿ ಪ್ರಮಾಣವಿಲ್ಲದೆ 'ಸುಳ್ಳು', 'ಸುಳ್ಳು', 'ಗೊತ್ತಿಲ್ಲ' ಎನ್ನುತ್ತಾನೆ. ಎಷ್ಟೋ ಮಧ್ಯಾಹ್ನ ಆ ಮೂರು ಪದಗಳನ್ನು ಪುಟಗಟ್ಟಲೆ ಬೆರಳಚ್ಚಿಸಿ ಬೇಸತ್ತಿದ್ದೇನೆ. ಈಡಿತಳ ಹೇಳಿಕೆ ಓದಿದ ಮೇಲೆ ಆ ಒಣ ಪದಗಳು ಎಷ್ಟು ಜನರ ತಲೆ ಕಾಯ್ದಿರಬಹುದೆಂದು ಮೊದಲ ಸಲ ಯೋಚಿಸಿದೆ.

ಅವಳು ವಕೀಲರ ಮಾತು ಕೇಳಲಿಲ್ಲ. ತನ್ನ ಪದಗಳನ್ನು ತಾನೇ ವಿವರಿಸಬಲ್ಲೆನೆಂಬ ಹುಂಬ ವಿಶ್ವಾಸ, ಓದುವ ಜನರಿಗೆ ಇರುವ ವಿಶ್ವಾಸ. ಪಾಟೀ ಸವಾಲಿನಲ್ಲಿ ಇನ್‌ಸ್ಕಿಪ್ ಸಾಲೊಂದನ್ನು ಓದಿ ಇದರ ಅರ್ಥವೇನು ಎಂದರೆ, ಅವಳು ಒಮ್ಮೆ ಹೀಗೆ, ಒಮ್ಮೆ ಹಾಗೆ, ಒಮ್ಮೆ ನೆನಪಿಲ್ಲ ಎಂದಳು. ಬೈವಾಟರ್ಸನ ಮೇಲೆ ತಪ್ಪು ಹೊರಿಸುವಂತೆಯೂ ಕಂಡಿತು. ರಾತ್ರಿ ಒಂದು ಗಂಟೆಗೆ ಅರೆನಿದ್ದೆಯಲ್ಲಿ ಬರೆದ ಒಂದು ವಾಕ್ಯಕ್ಕೆ ಹಗಲಲ್ಲಿ, ಅಪರಿಚಿತರ ಮುಂದೆ, ಒಂದೇ ಒಂದು ಅರ್ಥ ಹೇಳಬೇಕೆಂದರೆ ಯಾರಿಗೆ ಸಾಧ್ಯ? ಅವಳು ಕಟಕಟೆ ಹತ್ತದಿದ್ದರೆ ಉಳಿಸುತ್ತಿದ್ದೆ ಎಂದು ಕರ್ಟಿಸ್-ಬೆನೆಟ್ ಆಮೇಲೂ ಹೇಳುತ್ತಿದ್ದರು.

ನ್ಯಾಯಮೂರ್ತಿ ಶಿಯರ್‌ಮನ್ ಅವರ ನಡೆ ನನಗೆ ವೃತ್ತಿಯ ದೃಷ್ಟಿಯಿಂದಲೂ ಸಹಿಸಲಾಗದ್ದು. ಶನಿವಾರ ಕರ್ಟಿಸ್-ಬೆನೆಟ್ ತಮ್ಮ ಸಮಾರೋಪ ವಾದವನ್ನು ಅರ್ಧಕ್ಕೆ ನಿಲ್ಲಿಸಿದ್ದರು, ಉಳಿದದ್ದು ಸೋಮವಾರಕ್ಕೆ. ಏಳುವ ಮುಂಚೆ ನ್ಯಾಯಮೂರ್ತಿಗಳು ಜ್ಯೂರಿಯ ಕಡೆ ತಿರುಗಿ, ನೀವು ನ್ಯಾಯಾಲಯದಲ್ಲಿ ಒಂದು ಕೀಳಾದ, ಸಾಮಾನ್ಯ ಅಪರಾಧವನ್ನು ವಿಚಾರಿಸುತ್ತಿದ್ದೀರಿ, ರಂಗಮಂದಿರದ ಮುಂದಿನ ಸಾಲಿನಲ್ಲಿ ಕುಳಿತು ನಾಟಕ ಕೇಳುತ್ತಿಲ್ಲ, ಯೋಚಿಸುವಾಗ ಇದು ನೆನಪಿರಲಿ ಎಂಬರ್ಥದ ಮಾತು ಹೇಳಿದರು. ಒಂದು ಇಡೀ ಭಾನುವಾರ ಈ ಮಾತು ಜ್ಯೂರಿಯ ಕಿವಿಯಲ್ಲಿ ಉಳಿಯಿತು. ಸೋಮವಾರದ ಸಾರಾಂಶ ಭಾಷಣದಲ್ಲಿ ಒಂದು ಕಾಗದವನ್ನು ಎತ್ತಿಕೊಂಡರು. ಗಂಡನಿಗೆ ಕಾನೂನಿನಿಂದ ಬಂದಿರುವ ಹಕ್ಕೆಲ್ಲ ಪ್ರಕೃತಿಯಿಂದ, ಪ್ರೀತಿಯಿಂದ ನಿನ್ನದು ಎಂದು ಈಡಿತ್ ಅದರಲ್ಲಿ ಬರೆದಿದ್ದಳು. ಇದಕ್ಕೆ ಏನಾದರೂ ಅರ್ಥವಿದ್ದರೆ ಅದು ಗಂಡಹೆಂಡಿರ ಪ್ರೀತಿ ಅನುಚಿತ, ಕದ್ದ ಪ್ರೀತಿ ಉದಾತ್ತ ಎಂದೇ ಆಗುತ್ತದೆ, ಸರಿಯಾದ ಮನಸ್ಸಿನ ಯಾರಿಗಾದರೂ ಇಂಥ ವಿಚಾರದಿಂದ ಹೇಸಿಗೆಯಾಗುತ್ತದೆ ಎಂದರು. ಆಗಬಹುದು. ಆದರೆ ಆ ಸಾಲಿಗೂ ಬೆಲ್‌ಗ್ರೇವ್ ರಸ್ತೆಯ ಚಾಕುವಿಗೂ ಏನು ಸಂಬಂಧ? ನಮ್ಮ ಕಡೆಯ ಪಂಚಾಯಿತಿ ಕಟ್ಟೆಯಲ್ಲಿ ಆಡುವ ಮಾತು ಅದು, ನಡತೆಗೆಟ್ಟವಳು ಏನು ಬೇಕಾದರೂ ಮಾಡಿಯಾಳು ಎನ್ನುವ ಮಾತು. ಕೆಂಪು ನಿಲುವಂಗಿ ತೊಟ್ಟವರು ಹೇಳಿದ್ದರಿಂದ ಅದು ಕಾನೂನಿನ ಮಾತಿನಂತೆ ಕೇಳಿಸಿತು.

ಜ್ಯೂರಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಿತು. ಇಬ್ಬರೂ ತಪ್ಪಿತಸ್ಥರು. ಬೈವಾಟರ್ಸ್ ಎದ್ದು, ಜ್ಯೂರಿಯ ತೀರ್ಮಾನ ತಪ್ಪು, ಈಡಿತ್ ಥಾಂಪ್ಸನ್ ನಿರಪರಾಧಿ ಎಂದ. ಕೊಲೆಗೆ ಆಗ ಇದ್ದದ್ದು ಒಂದೇ ಶಿಕ್ಷೆ. ಮೇಲ್ಮನವಿ ಡಿಸೆಂಬರ್ 21ರಂದು ವಜಾ ಆಯಿತು. ನಾಲ್ಕು ದಿನದ ಮೇಲೆ ಅವಳ ಇಪ್ಪತ್ತೊಂಬತ್ತನೆಯ ಹುಟ್ಟುಹಬ್ಬ, ಕ್ರಿಸ್‌ಮಸ್, ಹಾಲೊವೇಯ ಮರಣದಂಡನೆ ಕೈದಿಯ ಕೋಣೆಯಲ್ಲಿ. ಆ ದೇಶದಲ್ಲಿ 1907ರಿಂದ ಈಚೆಗೆ ಹೆಂಗಸೊಬ್ಬಳನ್ನು ಗಲ್ಲಿಗೇರಿಸಿರಲಿಲ್ಲ, ಆದ್ದರಿಂದ ಕೊನೆಯ ಗಳಿಗೆಯಲ್ಲಾದರೂ ಶಿಕ್ಷೆ ಮಾಫಿಯಾಗುತ್ತದೆಂದು ಅವಳೂ ಮನೆಯವರೂ ನಂಬಿದ್ದರು. ಲಕ್ಷಾಂತರ ಜನ ಅರ್ಜಿಗೆ ಸಹಿ ಹಾಕಿದರು, ಆದರೆ ಹೆಚ್ಚಿನವರ ಕನಿಕರ ಬೈವಾಟರ್ಸನ ಮೇಲೆ: ವಯಸ್ಸಿನ ಹುಡುಗ, ಹೆಂಗಸು ಕೆಡಿಸಿದಳು. ಇರಿದವನು ಮುಗ್ಧ, ಬರೆದವಳು ಮಾಟಗಾತಿ. ಗೃಹ ಸಚಿವ ವಿಲಿಯಂ ಬ್ರಿಜ್‌ಮನ್ ಇಬ್ಬರಿಗೂ ಕ್ಷಮೆ ನಿರಾಕರಿಸಿದರು.

ಆ ಬೆಳಗಿನ ವಿವರಗಳನ್ನು ಬಿಡಿಸಿ ಬರೆಯಲು ನನಗೆ ಇಷ್ಟವಿಲ್ಲ. ಔಷಧಿ ಕೊಟ್ಟು ಅರೆಪ್ರಜ್ಞೆಯಲ್ಲಿದ್ದ ಅವಳನ್ನು ಸೆರೆಮನೆಯವರು ಎತ್ತಿಕೊಂಡು ಹೋಗಬೇಕಾಯಿತು ಎಂದಷ್ಟು ಸಾಕು. ಅದೇ ಗಳಿಗೆಯಲ್ಲಿ, ಮೈಲಿಯಷ್ಟೂ ದೂರವಿಲ್ಲದ ಪೆಂಟನ್‌ವಿಲ್ ಸೆರೆಮನೆಯಲ್ಲಿ ಬೈವಾಟರ್ಸನನ್ನೂ ಗಲ್ಲಿಗೇರಿಸಿದರು. ಅವಳಿಗೆ ಹಗ್ಗ ಹಾಕಿದ ಜಾನ್ ಎಲಿಸ್ ಮರುವರ್ಷ ಆ ಕೆಲಸ ಬಿಟ್ಟ, ಮುಂದೆ 1932ರಲ್ಲಿ ತಾನೇ ಪ್ರಾಣ ಕಳೆದುಕೊಂಡ.

ಹಾಲೊವೇಯಲ್ಲೇ 1955ರ ಜುಲೈ 13ರಂದು ಗಲ್ಲಿಗೇರಿದ ರೂತ್ ಎಲಿಸ್, ಬ್ರಿಟನ್ನಿನಲ್ಲಿ ಹಾಗೆ ಸತ್ತ ಕೊನೆಯ ಹೆಂಗಸು. ಪ್ರಿಯಕರನ ಮೇಲೆ ಗುಂಡು ಹಾರಿಸಿದಾಗ ಏನು ಮಾಡಬೇಕೆಂದಿದ್ದಿರಿ ಎಂದು ಸರ್ಕಾರದ ವಕೀಲರು ಕೇಳಿದ್ದು ಒಂದೇ ಪ್ರಶ್ನೆ, ಕೊಲ್ಲಬೇಕೆಂದೇ ಇದ್ದೆ ಎಂದು ಅವಳು ಕೊಟ್ಟದ್ದು ಒಂದೇ ಉತ್ತರ. ಅವಳದನ್ನು ಬೆರಳಚ್ಚಿಸಲು ನನಗೆ ಅರ್ಧ ನಿಮಿಷ ಸಾಕಾಗುತ್ತಿತ್ತು. ಈಡಿತಳದನ್ನು ಬೆರಳಚ್ಚಿಸಿ ಮುಗಿಸುವುದು ಸಾಧ್ಯವಿಲ್ಲವೇನೋ.

ಈ ಎಲ್ಲದರ ನಡುವೆ ಪರ್ಸಿ ಥಾಂಪ್ಸನ್ ಮರೆಯಾಗುತ್ತಾನೆ, ನನ್ನ ಬರಹದಲ್ಲೂ ಮರೆಯಾಗಿದ್ದಾನೆ. ನಾಟಕ ನೋಡಿ ಮನೆಗೆ ನಡೆದು ಬರುತ್ತಿದ್ದ ಗುಮಾಸ್ತ. ಅವನು ಬರೆದ ಕಾಗದಗಳು ನಿಶಾನಿಯಾಗಲಿಲ್ಲ, ಆದ್ದರಿಂದ ಅವನಿಗೆ ಧ್ವನಿಯಿಲ್ಲ. ಈಡಿತಳ ಬಗ್ಗೆ ನನಗಿರುವ ಕೋಪವೆಲ್ಲ ಅವನ ಕಡೆಯಿಂದ ಬರುವ ಕೋಪ. ಅವನು ಪಕ್ಕದಲ್ಲಿ ಮಲಗಿರುವಾಗ ಅವನ ಸಾವಿನ ಕಥೆ ಕಟ್ಟುತ್ತಿದ್ದಳಲ್ಲ, ಅದನ್ನು ಓದಿ ಇನ್ನೊಬ್ಬ ಕತ್ತಿ ಮಸೆಯಬಹುದೆಂದು ಒಮ್ಮೆಯೂ ಹೊಳೆಯಲಿಲ್ಲವೇ? ಹೊಳೆಯಬೇಕಿತ್ತು. ಆದರೆ ಹೊಳೆಯದೇ ಹೋದದ್ದಕ್ಕೆ ಗಲ್ಲು ಹಾಕುವ ಕಲಮು ಆಗಲೂ ಇರಲಿಲ್ಲ.

ಹಾಲೊವೇ ಸೆರೆಮನೆಯನ್ನು ಹೊಸದಾಗಿ ಕಟ್ಟುವಾಗ, 1971ರಲ್ಲಿ, ಅಲ್ಲಿ ಹೂಳಿದ್ದ ಹೆಂಗಸರ ಅವಶೇಷಗಳನ್ನು ಹೊರತೆಗೆದರು. ಈಡಿತಳನ್ನು ಇನ್ನು ಮೂವರೊಂದಿಗೆ ಬ್ರೂಕ್‌ವುಡ್ ಸ್ಮಶಾನಕ್ಕೆ ಸಾಗಿಸಿದರು. ಮಗಳು ತನ್ನ ಪಕ್ಕದಲ್ಲಿ ಮಣ್ಣಾಗಬೇಕೆಂಬುದು ತಾಯಿಯ ಆಸೆಯಾಗಿತ್ತು. ಅವಳ ಬಗ್ಗೆ ಹಲವು ವರ್ಷ ಅಧ್ಯಯನ ಮಾಡಿದ ಪ್ರಾಧ್ಯಾಪಕ ರೆನೆ ವೈಸ್ ಅವರ ಪ್ರಯತ್ನದಿಂದ, 2018ರ ನವೆಂಬರ್ 22ರಂದು ಅವಳನ್ನು ಸಿಟಿ ಆಫ್ ಲಂಡನ್ ಸ್ಮಶಾನದಲ್ಲಿ ತಂದೆತಾಯಿಯ ಗೋರಿಗೆ ಸೇರಿಸಿದರು.

ಊರಿಗೆ ಹೊರಡುವ ಎರಡು ದಿನ ಮುಂಚೆ, ಕೊಲೆಗೆ ಹಿಂದಿನ ದಿನಗಳಲ್ಲಿ ಅವಳು ಬರೆದ ಕೊನೆಯ ಕಾಗದದ ಕೆಲವು ಸಾಲುಗಳನ್ನು ಕನ್ನಡಕ್ಕೆ ತರಲು ಕುಳಿತೆ. 'ಚಹಾ ಅಂಗಡಿಯಲ್ಲಿ ನಾವು ಮಾತಾಡಿದ್ದನ್ನು ಮರೆಯಬೇಡ, ನೀನು ಸಿದ್ಧನಿದ್ದರೆ ನಾನು ಈಗಲೂ ಧೈರ್ಯ ಮಾಡಿ ಪ್ರಯತ್ನಿಸುತ್ತೇನೆ' ಎನ್ನುತ್ತಾಳೆ. ಸರ್ಕಾರದ ವಕೀಲರಿಗೆ ಇದು ಕೊಲೆಯ ಒಪ್ಪಂದ. ಅವಳು ಹೇಳಿದ್ದು, ಇಬ್ಬರೂ ಹೊರದೇಶಕ್ಕೆ ಹೋಗಿ ಬದುಕುವ ಮಾತು. ಅದರ ಬೆನ್ನಿಗೇ, ನಮಗೆ ಉಳಿದಿರುವುದು ಇನ್ನು ಮೂರೂಮುಕ್ಕಾಲು ವರ್ಷ ಮಾತ್ರ ಎಂದೂ ಬರೆದಿದ್ದಾಳೆ. ಐದು ವರ್ಷ ಕಾಯುವುದೆಂದು ಅವರಿಬ್ಬರೂ ಮಾತು ಮಾಡಿಕೊಂಡಿದ್ದರು. ನಾಳೆ ರಾತ್ರಿಯೇ ಎಲ್ಲ ಮುಗಿಯುತ್ತದೆಂದು ತಿಳಿದವಳು ಮುಕ್ಕಾಲು ವರ್ಷದ ಲೆಕ್ಕ ಇಡುತ್ತಾಳೆಯೇ? ಇಂಗ್ಲಿಷಿನಲ್ಲಿರುವಂತೆ ಕನ್ನಡದಲ್ಲೂ ಏನನ್ನು ಪ್ರಯತ್ನಿಸುವುದೆಂದು ಹೇಳದೆ ವಾಕ್ಯ ನಿಲ್ಲುತ್ತದೆ, ಆದರೆ ಕೈ ಸುಮ್ಮನಿರುವುದಿಲ್ಲ, ಒಂದು ಪದ ಬೆರಳ ತುದಿಗೆ ಬಂದೇ ಬರುತ್ತದೆ.

ಸಂಜೆ ಮಗಳು ಬಂದಾಗ, ಹಿಂದುಮುಂದು ಏನೂ ಹೇಳದೆ ಆ ಸಾಲನ್ನಷ್ಟೇ ಓದಿದೆ.

'ಏನು ಪ್ರಯತ್ನ ಮಾಡ್ತಾಳಂತಮ್ಮ?' ಎಂದಳು.

'ಅಲ್ಲಿ ಬರೆದಿಲ್ಲ.'

'ಓಡಿಹೋಗೋಕಿರಬೇಕು' ಎಂದಳು ಅವಳು, ಚಪ್ಪಲಿ ಬಿಡುತ್ತಾ.

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅಳಿಯ, ನಾವು ಕೇಳದಿದ್ದರೂ, 'ಇಲ್ಲ ಅತ್ತೆ, ಯಾರನ್ನೋ ಮುಗ್ಸೋ ಪ್ಲಾನು ಅದು' ಎಂದ.